ಷರಾ

ಇಲಾಖೆಯಿಂದ ಎರಡು ಪುಸ್ತಕ ಬಂದಿವೆ,
ಎರಡರ ಮೇಲೂ ನೇರಳೆ ಮೊಹರು:
ಮಾದರಿ ಪ್ರತಿ, ಮಾರಾಟಕ್ಕಲ್ಲ.
ಜೊತೆಗೊಂದು ನಮೂನೆ, ನಾಲ್ಕು ಕಲಂ:
ವಿಷಯ, ಭಾಷೆ, ಚಿತ್ರ, ಮುದ್ರಣ,
ತಲಾ ಇಪ್ಪತ್ತೈದು ಅಂಕ.
ತೀರಾ ಕೆಳಗೆ ಬೆರಳಗಲದ ಜಾಗ, ಷರಾ.

ಶನಿವಾರ ಮಧ್ಯಾಹ್ನ, ಹಾಸನದ ಪಾಲಿಟೆಕ್ನಿಕ್ಕಿನಲ್ಲಿ
ನಾನು, ಕಿರುಗುಡುವ ಫ್ಯಾನು,
ಧರಣೇಂದ್ರಯ್ಯ ಮರೆತು ಹೋದ ಟಿಫನ್ ಡಬ್ಬಿ.
ಡೇಟಾ ಸ್ಟ್ರಕ್ಚರ್ಸಿಗೆ ಒಂದು ಪುಸ್ತಕ
ಸೋಮವಾರದೊಳಗೆ ಆರಿಸಿ ಕಳಿಸಬೇಕು.

ಮೊದಲನೆಯದು ಮದುವೆ ಕರೆಯೋಲೆಯ ಹಾಗೆ,
ನುಣುಪು ಕಾಗದ, ನಾಲ್ಕು ಬಣ್ಣ,
ಟ್ರೀ ಪಾಠಕ್ಕೆ ಎಲೆ ಎಲೆಗೂ ಹಸಿರು.
ಬೇರು ಮೇಲೇಕೆ, ಎಲೆ ಕೆಳಗೇಕೆ
ಅದೊಂದು ಹೇಳಿಲ್ಲ.
ಎರಡನೆಯದಕ್ಕೆ ಇನ್ನೂ ಅಂಟಿನ ವಾಸನೆ.
ಅಚ್ಚು ಅಲ್ಲಲ್ಲಿ ಮಸುಕು, ಹದಿನಾರು ಪುಟ ತಲೆಕೆಳಗು.
ಬರೆದವರು ಯಾರೋ ಹೂವಯ್ಯ.

ಮುನ್ನುಡಿ ನಾನು ಓದುವವಳಲ್ಲ.
ಅನ್ನ ಬೆಂದಿದೆಯೋ ತಿಳಿಯಲು ಒಂದಗುಳು ಸಾಕು.
ನನ್ನ ಅಗುಳು ಲಿಂಕ್ಡ್ ಲಿಸ್ಟು,
ಅದರೊಳಗೂ, ನಡುವೆ ಹೊಸಬರನ್ನು ಸೇರಿಸುವ
ಎರಡೇ ಎರಡು ಸಾಲು.

ಆ ಎರಡು ಸಾಲನ್ನು ಅದಲುಬದಲು ಮಾಡಿ
ಆರು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು.
ಅಂದಿನ ಪುಸ್ತಕದಲ್ಲಿ ಹಾಗೇ ಇತ್ತು.
ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಒಪ್ಪಿಸಿದರು,
ನಾನು ಎಂಟಕ್ಕೆ ಎಂಟು ಕೊಟ್ಟೆ.

ಆಮೇಲೆ ಬಂದಳು ತೌಸೀನಾ,
ಆಲೂಗಡ್ಡೆ ಮಂಡಿಯ ಹಮಾಲಿಯ ಮಗಳು.
ಐವರನ್ನು ವರಾಂಡದಲ್ಲಿ ಸಾಲಾಗಿ ನಿಲ್ಲಿಸಿದಳು,
ಒಬ್ಬಳ ಕೈ ಮುಂದಿನವಳ ಹೆಗಲ ಮೇಲೆ.
‘ಈಗ ಪುಷ್ಪಲತಾ ಬರ್ತಾಳೆ ಮಿಸ್,
ಪುಸ್ತಕ ಹೇಳ್ದಂಗೇ ಮಾಡೋಣ.’

ಮೊದಲ ಸಾಲು: ಎರಡನೆಯವಳು ಕೈ ತೆಗೆದು
ಹೊಸಬಳ ಹೆಗಲಿಗಿಟ್ಟಳು.
ಎರಡನೆಯ ಸಾಲು: ಹೊಸಬಳೇ,
ಎರಡನೆಯವಳು ಯಾರನ್ನು ಹಿಡಿದಿದ್ದಾಳೋ
ಅವಳನ್ನೇ ನೀನೂ ಹಿಡಿ.
ಪುಷ್ಪಲತಾ ಅತ್ತಿತ್ತ ನೋಡಿದಳು.
ಹಿಡಿದಿದ್ದು ಅವಳನ್ನೇ.
ತನ್ನ ಹೆಗಲ ಮೇಲೆ ತಾನೇ ಕೈಯಿಟ್ಟು ನಿಂತಳು.
‘ಉಳಿದೋರು ಎಲ್ಲಿ ಹೋದ್ರು ಮಿಸ್?’

ಉಳಿದ ಮೂವರು ಕ್ಯಾಂಟೀನಿಗೆ ಹೋಗಿಯಾಗಿತ್ತು.
ಎಲ್ಲರೂ ನಕ್ಕರು. ನಾನೂ.
ರಾತ್ರಿ ಮಾತ್ರ ಆರು ವರ್ಷದ ಹಾಜರಿ
ಮನಸ್ಸಿನಲ್ಲೇ ಕೂಗಿ ನೋಡಿದೆ.
ಮೂರನೆಯ ಹೆಸರಿನಿಂದಾಚೆ
ಯಾರೂ ಓಗೊಡಲಿಲ್ಲ.

ಬಣ್ಣದ ಪುಸ್ತಕ, ಪುಟ ಎಂಬತ್ತೇಳು.
ಅದೇ ಎರಡು ಸಾಲು, ಅದೇ ಅದಲುಬದಲು,
ಚಂದದ ನೀಲಿ ಚೌಕದೊಳಗೆ.
ಹೂವಯ್ಯನವರಲ್ಲಿ ಸರಿಯಿದೆ.
ಕೆಳಗೆ ಇರುವೆಗಾತ್ರದ ಅಕ್ಷರ:
‘ಇವನ್ನು ತಿರುಗಿಸಿ ಬರೆದು ನೋಡಿ.
ನಾನೊಮ್ಮೆ ಬರೆದು ಕೆಟ್ಟಿದ್ದೇನೆ.’

ಹಾಗಂತ ಹೂವಯ್ಯ ಮಹಾ ಜಾಣರೇನಲ್ಲ.
ಸ್ಟ್ಯಾಕಿಗೆ ಅವರೂ ಹೋಟೆಲಿನ ತಟ್ಟೆಯನ್ನೇ ಪೇರಿಸಿದ್ದಾರೆ.
ಅಡಿಯ ಮೂಟೆ ಮೊದಲು ಕೊಳೆಯುತ್ತದೆಂದು
ಮಂಡಿಗೆ ಹೋದವರಿಗೆ ಗೊತ್ತು.
ಕ್ಯೂಗೆ ಇಬ್ಬರೂ ಸಿನಿಮಾ ಟಿಕೆಟ್ಟು.
ಹಾಸನಾಂಬೆಯ ಬಾಗಿಲು ತೆರೆದಾಗ
ಅಜ್ಜಿಯ ಸೆರಗು ಹಿಡಿದು ಇರುಳೆಲ್ಲ ನಿಂತು
ದುಡ್ಡಿನ ಚೀಟಿಯವರು ಪಕ್ಕದಿಂದ ಒಳಹೋಗುವುದ ಕಂಡ ಮಗುವಿಗೆ
ಪ್ರಯಾರಿಟಿ ಕ್ಯೂ ಬೇರೆ ಕಲಿಸಬೇಕೇ?

ಕಲಂ ಕೇಳಿದ್ದಕ್ಕೆ ಕಲಂ ಪ್ರಕಾರ ಉತ್ತರ.
ಒಂದು ತಪ್ಪಿಗೆ ಎಷ್ಟು ಕಳೆಯಲಿ? ಎರಡಂಕ ಕಳೆದೆ.
ಬಣ್ಣದ್ದಕ್ಕೆ ಎಂಬತ್ತಾರು,
ಹೂವಯ್ಯನವರಿಗೆ ಅರವತ್ತೊಂದು.
ಮತ್ತೊಮ್ಮೆ ಕೂಡಿದೆ. ಅಷ್ಟೇ ಬಂತು.

ಷರಾದ ಬೆರಳಗಲಕ್ಕೆ
ತೌಸೀನಾ ಹಿಡಿಸಲಿಲ್ಲ.
ಹಾಳೆ ಮಗುಚಿ ಹಿಂಬದಿಯಲ್ಲಿ
ಐವರು ಹುಡುಗಿಯರನ್ನು ಬರೆದೆ, ಕಡ್ಡಿಕಾಲು, ಜಡೆ,
ಹೊಸಬಳ ಕೈ ಮೊದಲು ಮೂರನೆಯವಳ ಹೆಗಲಿಗೆ,
ಆಮೇಲಷ್ಟೇ ಎರಡನೆಯವಳು ಬಿಡಬೇಕು.
ಮುಂಬದಿಯ ಷರಾದಲ್ಲಿ ಎರಡೇ ಪದ:
ಹಿಂಬದಿ ನೋಡಿ.
ಅದರ ಪಕ್ಕ ಒಂದು ಬಾಣ.

ಕಚೇರಿಯಲ್ಲಿ ಮುಂಬದಿಯನ್ನಷ್ಟೇ ಜೆರಾಕ್ಸ್ ಮಾಡುತ್ತಾರೆ,
ಗೊತ್ತು.
ಬಾಣವನ್ನು ಇನ್ನೊಮ್ಮೆ ತಿದ್ದಿ ದಪ್ಪ ಮಾಡಿದೆ.